ಉದ್ದುವಿನ ಮೂಗು, ಅತ್ತೆಯ ಪಾರಿವಾಳಗಳು

ಮೊದಲು ಬರೀ ಸೀನು.

ಉದ್ದು ನಮ್ಮ ಬೆಕ್ಕು. ಮನೆ ಚಾಮರಾಜಪೇಟೆಯಲ್ಲಿ, ಬೇಳೆಕಾಳಿನ ಅಂಗಡಿ ತರಗುಪೇಟೆಯಲ್ಲಿ. ಅಂಗಡಿಯ ಮೂಟೆಗಳ ನಡುವೆ ಸಿಕ್ಕ ಕರೀ ಮರಿಗೆ ಅತ್ತೆಯೇ ಇಟ್ಟ ಹೆಸರು ಅದು. ಧೂಳಿಗೆ ಸೀನುತ್ತಿದೆ ಎಂದುಕೊಂಡೆವು. ಆಮೇಲೆ ಒಂದೇ ಹೊಳ್ಳೆಯಿಂದ ಸಿಂಬಳ, ರಕ್ತ. ಮೂಗಿನ ಮೇಲೆ ಕಡಲೆಕಾಳಿನಷ್ಟು ಗಂಟು. ಉಸಿರಾಡಿದರೆ ಗೊರಗೊರ. ವಾಸನೆ ಹತ್ತದೆ ಹಾಲಿನ ಬಟ್ಟಲು ಬಿಟ್ಟು ಹೋಗುತ್ತಿತ್ತು. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಒಗ್ಗರಣೆ ಸೀಯುತ್ತಿತ್ತು, ಕಿವಿ ಬೆಕ್ಕಿನ ಉಸಿರಿನ ಮೇಲೇ.

"ಬೆಕ್ಕಿಗೆ ನೆಗಡಿ ಆದ್ರೆ ಇಷ್ಟೊಂದಾ?" ಎಂದರು ನನ್ನ ಗಂಡ. ಮೈಯೆಲ್ಲ ಉರಿಯಿತು. ಉದ್ದುವನ್ನು ಬುಟ್ಟಿಯಲ್ಲಿ ಹಾಕಿಕೊಂಡು ಆಟೋ ಹತ್ತಿದೆ.

ಡಾಕ್ಟರ್ ಗಂಟಿನಿಂದ ಸೂಜಿಯಲ್ಲಿ ಸ್ವಲ್ಪ ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಿದರು.

"ಫಂಗಸ್ ಇದು. ಕ್ರಿಪ್ಟೊಕಾಕಸ್. ಮನೆ ಹತ್ರ ಪಾರಿವಾಳ ಇದಾವಾ?"

ಇದ್ದವು.

ಮಾವ ತೀರಿಕೊಂಡಾಗಿನಿಂದ ಅತ್ತೆ ದಿನಾ ಲಿಂಗಪೂಜೆ ಮುಗಿಸಿ, ಅವರ ಹೆಸರಲ್ಲಿ ತಾರಸಿಯ ಮೇಲೆ ಪಾರಿವಾಳಗಳಿಗೆ ಜೋಳ ಚೆಲ್ಲುತ್ತಿದ್ದರು. ಅದಾದ ಮೇಲೇ ನನ್ನ ಗಂಡ ಅಂಗಡಿಯ ಬಾಗಿಲು ತೆಗೆಯಲು ಹೊರಡುವುದು. ಹಿಕ್ಕೆ ಒಣಗಿ ಪುಡಿಯಾಗಿದ್ದ ಮೂಲೆಯಲ್ಲೇ ಉದ್ದು ಬಿಸಿಲು ಕಾಯಿಸುತ್ತಿದ್ದದ್ದು. ಎಲ್ಲವನ್ನೂ ಡಾಕ್ಟರಿಗೆ ಹೇಳಿದೆ.

"ಅದರಿಂದಲೇ ಬಂತು ಅಂತ ಖಂಡಿತ ಹೇಳೋಕಾಗಲ್ಲ. ಆದ್ರೆ ಕಾಳು ಹಾಕೋದು ನಿಲ್ಲಿಸಿ. ಔಷಧಿ ತಿಂಗಳುಗಟ್ಟಲೆ ಕೊಡ್ಬೇಕು. ಮಿದುಳಿಗೆ ಹತ್ತಿದ್ರೆ ಉಳಿಸ್ಕೊಳ್ಳೋದು ಕಷ್ಟ."

ಅತ್ತೆಗೆ ಹೇಗೆ ಹೇಳಲಿ? ದಾರಿಯುದ್ದಕ್ಕೂ ಮಾತು ಜೋಡಿಸಿದೆ, ಒಂದೂ ಸರಿಹೋಗಲಿಲ್ಲ. ಕೊನೆಗೆ ಹೊಸ್ತಿಲಲ್ಲೇ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಅವರು ಒಳಗೆ ಹೋದರು. ಊಟಕ್ಕೂ ಬರಲಿಲ್ಲ. ನನಗೆ ಅಳು, ಸಿಟ್ಟು ಎರಡೂ.

ಮರುದಿನ ಪೂಜೆ ಮುಗಿಸಿ ಅವರು ತಾರಸಿ ಹತ್ತಿದರು. ಹಿಂದೆಯೇ ಓಡಿದೆ.

ಅತ್ತೆಯ ಕೈ ಖಾಲಿಯಿತ್ತು.

"ಇವತ್ತಿಂದ ಇಲ್ರಪ್ಪಾ, ಹೋಗಿ," ಎಂದು ಕಾಲ ಬಳಿ ನೆರೆದ ಪಾರಿವಾಳಗಳನ್ನು ಸೆರಗು ಬೀಸಿ ಓಡಿಸುತ್ತಿದ್ದರು. ಕಣ್ಣು ತುಂಬಿತ್ತು. ನಾನು ಮುಖಕ್ಕೆ ಮಾಸ್ಕ್ ಕಟ್ಟಿ, ನೀರು ಚಿಮುಕಿಸಿ ಆ ಮೂಲೆಯನ್ನೆಲ್ಲ ತೊಳೆದೆ. ಕೆಳಗೆ ಬಂದರೆ ಅತ್ತೆ ಬೆಣ್ಣೆಯಲ್ಲಿ ಔಷಧಿ ಕಲಸುತ್ತಿದ್ದರು. ಉದ್ದುವನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಅವರ ಹೆಸರಲ್ಲಿ ತಿನ್ನೋ," ಎಂದರು.

ಗಂಟು ಕರಗಿದೆ. ಮೂಗು ಇನ್ನೂ ಸ್ವಲ್ಪ ಸೊಟ್ಟ. ಔಷಧಿ ನಿಲ್ಲಿಸುವಂತಿಲ್ಲ, ಒಂದು ಸೀನು ಕೇಳಿದರೂ ಕೈಯಲ್ಲಿದ್ದದ್ದನ್ನು ಬಿಟ್ಟು ಓಡುತ್ತೇನೆ. ಸದ್ಯ ಬಟ್ಟಲು ಖಾಲಿ ಮಾಡುತ್ತಿದೆ, ಅಷ್ಟೇ ಸಾಕು.

ಈಗ ಉದ್ದು ಬೆಣ್ಣೆ ನೆಕ್ಕಿ ಮುಗಿಸಿದ ಮೇಲೇ ನಮ್ಮ ಅಂಗಡಿಯ ಬಾಗಿಲು ತೆಗೆಯುವುದು.