ಫೆಲಿಮನ ಉಗುರುಗಳು

ನಮ್ಮಣ್ಣ ಫೆಲಿಮನ ಉಗುರುಗಳಿಗೆ ನಲವತ್ತು ವರ್ಷ ಚಾಕರಿ ಮಾಡಿದವಳು ನಾನು, ಸೋರ್ಖಾ. ಅವನು ನುಡಿಸುತ್ತಿದ್ದ ಹಿತ್ತಾಳೆ ತಂತಿಯ ಹಾರ್ಪ್ ವಾದ್ಯ ಉಗುರಿಗೆ ಮಾತ್ರ ಬಾಯಿ ಬಿಡುತ್ತದೆ. ಸಿಡುಬಿನಲ್ಲಿ ಕಣ್ಣು ಕಳೆದುಕೊಂಡವನಿಗೆ ಇದ್ದ ಆಸ್ತಿ ಅಷ್ಟೇ. ಅವನಿಗೆ ಆಲೂಗಡ್ಡೆ ಸುಲಿಯಲೂ ಬಿಡುತ್ತಿರಲಿಲ್ಲ. ಮಲಗುವ ಮುಂಚೆ ಬಾತುಕೋಳಿಯ ಕೊಬ್ಬು ಸವರಿ ಉಣ್ಣೆಬಟ್ಟೆ ಸುತ್ತುತ್ತಿದ್ದೆ. ಗಂಡ ಮಕ್ಕಳು ಬೇಡವೆಂದು ಹತ್ತು ಉಗುರು ಸಾಕಿಕೊಂಡಿದ್ದಾಳೆ ಎಂದು ಊರ ಹೆಂಗಸರು ಆಡಿಕೊಳ್ಳುತ್ತಿದ್ದರು. ಅವನು ನುಡಿಸಲು ಕೂತರೆ ಬಾಗಿಲಲ್ಲಿ ಮೊದಲು ಜಾಗ ಹಿಡಿಯುತ್ತಿದ್ದವರೂ ಅವರೇ.

ಅವನ ಗುರು ಸಾಯುವ ಮುಂಚೆ ಕಲಿಸಿದ ಒಂದು ರಾಗ ಬೇರೆ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಕೇಳುತ್ತಿದ್ದರೆ ಊರ ಸರೋವರದ ನೀರು ಸದ್ದಿಲ್ಲದೆ ನೆಲದಡಿಗೆ ಬಂದು ನಮ್ಮ ಮನೆಯನ್ನು ತೇಲಿಸಿಕೊಂಡು ಹೋಗುತ್ತಿತ್ತು. ಸತ್ತ ಅಮ್ಮ ಪಕ್ಕದಲ್ಲೇ ಕೂತು ನೂಲುತ್ತಿರುತ್ತಿದ್ದಳು.

ಸಾವಿರದ ಏಳುನೂರ ತೊಂಬತ್ತೆರಡರ ಜುಲೈಯಲ್ಲಿ ಬೆಲ್‌ಫಾಸ್ಟಿನಲ್ಲಿ ಹಾರ್ಪ್ ನುಡಿಸುವವರೆಲ್ಲ ಸೇರುತ್ತಾರೆ, ಹಳೆಯ ರಾಗಗಳನ್ನು ಪುಸ್ತಕದಲ್ಲಿ ಬರೆದಿಡುತ್ತಾರೆ ಎಂದು ಸುದ್ದಿ ಬಂತು. ಆ ರಾಗ ತನ್ನ ಜೊತೆಯೇ ಸಾಯುತ್ತದೆಂಬ ಕೊರಗು ಫೆಲಿಮನಿಗೆ ಮೊದಲಿನಿಂದಲೂ ಇತ್ತು. ಹಾರ್ಪನ್ನು ಬೆನ್ನಿಗೇರಿಸಿ, ನನ್ನ ಹೆಗಲ ಮೇಲೆ ಕೈಯಿಟ್ಟು ಹೊರಟೇಬಿಟ್ಟ.

ಎರಡನೆಯ ದಿನ ಮಂಜು ಕವಿಯಿತು. ಪಕ್ಕದಲ್ಲಿದ್ದ ಸರೋವರ, ಆಕಾಶ, ದಾರಿ ಎಲ್ಲವೂ ಹಾಲಿನಂತೆ ಒಂದಾಗಿ, ನಾನು ಅರೆನಿದ್ದೆಯಲ್ಲೇ ನಡೆಯುತ್ತಿದ್ದೆ. ಉರುವಲಿಗೆ ಜೌಗುಮಣ್ಣು ಕೊಯ್ದ ಹಳೆಯ ಗುಂಡಿಯೊಂದಕ್ಕೆ ಕಾಲಿಟ್ಟೆ. ಗದ್ದದವರೆಗೂ ಹೂತುಹೋದೆ. ಹೆದರಿಕೆಯೇ ಆಗಲಿಲ್ಲ, ಕೆಸರು ಹಾಸಿಗೆಯಂತೆ ಬೆಚ್ಚಗಿತ್ತು, ಮಲಗಿಬಿಡೋಣ ಅನ್ನಿಸುತ್ತಿತ್ತು. ಫೆಲಿಮ ಬೋರಲು ಬಿದ್ದು, ಏನೋ ಗೊಣಗುತ್ತಾ, ಮಣ್ಣನ್ನೂ ಅದರೊಳಗಿನ ಬೇರುಗಳನ್ನೂ ಎರಡೂ ಕೈಯಲ್ಲಿ ಬಗೆದ. ಪ್ರಾರ್ಥನೆ ಮಾಡುತ್ತಿದ್ದಾನೆ ಎಂದುಕೊಂಡೆ.

ಅವನು ಎಳೆದುಹಾಕಿದ ಮೇಲೆ ನೋಡಿದರೆ ಅವನ ಹತ್ತು ಬೆರಳಲ್ಲಿ ಒಂದು ಉಗುರೂ ಉಳಿದಿರಲಿಲ್ಲ. ನಾನು ಗೋಳಾಡತೊಡಗಿದೆ.

"ಬಾಯ್ತುಂಬ ಕೆಸರು ಹೋದ್ರೂ ನಿನ್ನ ಮಾತು ಮಾತ್ರ ಕಮ್ಮಿಯಾಗ್ಲಿಲ್ಲ ನೋಡು. ನಡಿ," ಎಂದ.

ಬೆಲ್‌ಫಾಸ್ಟಿನಲ್ಲಿ ರಾಗ ಬರೆದುಕೊಳ್ಳುತ್ತಿದ್ದವರು ಒಳ್ಳೆಯವರು. ಉಗುರಿಲ್ಲದಿದ್ದರೆ ಗುನುಗಿದರೂ ಸಾಕು, ಬರೆದುಕೊಳ್ಳುತ್ತೇನೆ ಎಂದರು.

"ಮರ್ತೋಗಿದೆ ಸ್ವಾಮಿ," ಎಂದ ನಮ್ಮಣ್ಣ.

ಶುದ್ಧ ಸುಳ್ಳು. ನನಗೆ ಮೈಯೆಲ್ಲ ಉರಿಯಿತು. ಊರು ಮುಟ್ಟುವವರೆಗೂ ಬೈದೆ.

ಚಳಿಗಾಲದ ಹೊತ್ತಿಗೆ ಉಗುರುಗಳು ಮತ್ತೆ ಬೆಳೆದವು. ಅವನು ಎಲ್ಲವನ್ನೂ ನುಡಿಸಿದ, ಅದೊಂದನ್ನು ಬಿಟ್ಟು. ಕೊನೆಗೊಂದು ಸಂಜೆ ಕೇಳಿಯೇಬಿಟ್ಟೆ.

"ಅಣ್ಣಾ, ನಾಟಕ ಸಾಕು. ಅದನ್ನ ಒಂದ್ಸಲ ನುಡಿಸು."

ಅವನು ತಂತಿಗಳ ಮೇಲೆ ಅಂಗೈಯಿಟ್ಟು ಸದ್ದು ನಿಲ್ಲಿಸಿದ.

"ಆವತ್ತು ಆ ಗುಂಡಿಗೆ ಕೊಟ್ಬಿಟ್ಟೆ ಕಣೇ. ನನ್ನ ರಾಗ ತಗೋ, ನನ್ನ ತಂಗೀನ ಬಿಡು ಅಂದೆ. ಬಿಡ್ತು. ಈಗ ಮಾತು ತಪ್ಪಿ, ಅದು ನಿನ್ನ ವಾಪಸ್ ಕೇಳಿದ್ರೆ ನಾನೇನು ಮಾಡ್ಲಿ?"

ನಾನು ಎದ್ದು ಕೊಬ್ಬಿನ ಬಟ್ಟಲು ತಂದು, ಅವನ ಬೆರಳುಗಳನ್ನು ಹಿಡಿದು ಒಂದೊಂದು ಉಗುರಿಗೂ ಸವರಿದೆ.

ಮುಂದೆ ಹತ್ತೊಂಬತ್ತು ವರ್ಷ ಬದುಕಿದ, ಆ ರಾಗವನ್ನು ಗುನುಗಲೂ ಇಲ್ಲ. ಈಗ ನನಗೆ ಎಪ್ಪತ್ತಮೂರು. ಬೆಳಿಗ್ಗೆ ಒಲೆ ಹಚ್ಚುವಾಗ ಕೆಲವು ಸಲ ನಾಚಿಕೆಯಾಗುತ್ತದೆ. ಅಂಥ ರಾಗದ ಬದಲಿಗೆ ಉಳಿದವಳು ನಾನು, ಅದರ ಒಂದು ಸಾಲನ್ನೂ ನೆಟ್ಟಗೆ ಹಾಡಲು ಬಾರದವಳು.