ಅಜ್ಜಿ ಒಪ್ಪಿದ ಬಿದಿರು

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಡೊಂಬಿವಲಿಯ ನಮ್ಮ ಆ ಪುಟ್ಟ ಮನೆಯಲ್ಲಿ ಎಲ್ಲವೂ ಕೆಡಲು ಶುರುವಾದದ್ದು ಆ ಹೊತ್ತಿಗೆ. ನಾನೀಗ ಇರುವ ಕಾಮೋಠೆಯ ಕಟ್ಟಡಕ್ಕೆ ಬಣ್ಣ ಹೊಡೆಯಲು ಅಟ್ಟಣೆ ಕಟ್ಟಲೆಂದು ನಿನ್ನೆ ಬಿದಿರು ತಂದು ಇಳಿಸಿದರು. ಮಳೆಗೆ ನೆನೆದ ಬಿದಿರಿನ ಆ ಮಣ್ಣು ಮಣ್ಣು ವಾಸನೆ ಕಿಟಕಿಯಿಂದ ಒಳಗೆ ಬಂತು. ಓದು, ಕೆಲಸ, ಕಳೆದುಹೋದ ಇಷ್ಟು ವರ್ಷ ಯಾವುದೂ ಅಡ್ಡ ಬರಲಿಲ್ಲ. ಗೋಡೆ ಗಡಿಯಾರ, ಅದರ ಕೆಳಗೆ ಜೋಲಿ, ಜೋಲಿಯ ಹಗ್ಗ ಹಿಡಿದ ಅಜ್ಜಿ ಮತ್ತೆ ಎದುರಿಗೆ ಬಂದರು.

ತಮ್ಮ ಆಗ ಎಳೆಮಗು. ಅಮ್ಮನ ಹಳೆಯ ಸೀರೆಯ ಜೋಲಿ ಬಿಟ್ಟರೆ ಬೇರೆಲ್ಲೂ ಮಲಗುತ್ತಿರಲಿಲ್ಲ. ಬಿಲ್ಡಿಂಗು ಹಳೆಯದು, ತಾರಸಿಯ ಗಾರೆ ಉದುರುತ್ತಿತ್ತು. ಕೊಕ್ಕೆಗೆ ಜೋಲಿ ಕಟ್ಟುವ ಹಾಗಿರಲಿಲ್ಲ. ಅಡುಗೆಮನೆಗೂ ಹಾಲಿಗೂ ಗ್ಯಾಲರಿಗೂ ಎತ್ತಿಕೊಂಡು ಹೋಗುವಂಥ ಸ್ಟ್ಯಾಂಡನ್ನು ತಾನೇ ಮಾಡುತ್ತೇನೆಂದು ಅಪ್ಪ ಹೊರಟರು. ಎರಡು ಕಡೆ ಕತ್ತರಿಯ ಹಾಗೆ ಜೋಡಿ ಕಾಲು, ಮೇಲೊಂದು ಅಡ್ಡಕೋಲು. ಕೋಲು ಯಾವುದರದ್ದು ಎಂಬುದೇ ವಾರವಿಡೀ ಮನೆಯ ಮಾತು. ಕಬ್ಬಿಣದ ಪೈಪು ತಂದರು. ಹೆರಿಗೆಯ ಹೊಲಿಗೆ ಇನ್ನೂ ಮಾಗದ ಅಮ್ಮನಿಗೆ ಅದನ್ನು ಎತ್ತಲಾಗಲಿಲ್ಲ. ಹಾಗಾದರೆ ಬಿದಿರು ಎಂದರೆ ಅಜ್ಜಿ ಸಿಡುಕಿದರು.

"ಎರಡು ಕಡೆ ಬಿದಿರು, ನಡುವೆ ಬಟ್ಟೆ, ಅದರಲ್ಲಿ ಮಲಗಿಸುದು. ಎಂತದರ ಹಾಗೆ ಕಾಣ್ತದೆ, ನೀನೇ ಹೇಳು." ಚಟ್ಟ ಎಂಬ ಮಾತನ್ನು ಮಾತ್ರ ಬಾಯಿಗೆ ತರಲಿಲ್ಲ.

"ಅಮ್ಮ, ಊರಲ್ಲಿ ಮದುವೆ ಚಪ್ಪರಕ್ಕೂ ಬಿದಿರೇ ಅಲ್ವಾ?" ಎಂದರು ಅಪ್ಪ.

"ಚಪ್ಪರದಲ್ಲಿ ಯಾರನ್ನೂ ಮಲಗಿಸುದಿಲ್ಲ ಮಾರಾಯ."

ಅಪ್ಪ ನಕ್ಕು ಸೋತರು. ಮಾರನೆಯ ದಿನ ನೀರಿನ ನಲ್ಲಿಗೆ ಹಾಕುವ ಬೂದು ಬಣ್ಣದ ಪ್ಲಾಸ್ಟಿಕ್ ಪೈಪು ಬಂತು. ಹೂವಿನ ಹಾಗೆ ಹಗುರ. ಹಗ್ಗ ಜಾರದಿರಲೆಂದು ಅಡ್ಡಕೋಲಿಗೆ ತೂತು ಕೊರೆದರು. ಮೇ ತಿಂಗಳ ಸೆಕೆಗೆ ಅದು ದಿನದಿಂದ ದಿನಕ್ಕೆ ಬಾಗುತ್ತಿದ್ದುದನ್ನು ಎಲ್ಲರೂ ನೋಡುತ್ತಲೇ ಇದ್ದೆವು. ಮಗು ಮೈ ತುಂಬಿಕೊಳ್ಳುತ್ತಿದೆ ಎಂದು ಅಮ್ಮ ಹಿಗ್ಗುತ್ತಿದ್ದಳು.

ಆ ಮಧ್ಯಾಹ್ನ ಮೂರು ಹತ್ತಕ್ಕೆ ಟಪ್ಪೆಂದು ಒಂದೇ ಸದ್ದು. ಪೈಪು ತೂತಿನ ಬಳಿಯೇ ಸೀಳಿತು. ಚಾಪೆಯ ಮೇಲೆ ಕೂತು ಚಿತ್ರ ಬಿಡಿಸುತ್ತಿದ್ದ ನನ್ನ ಎದುರಿಗೇ ಜೋಲಿ ಕೆಳಗೆ ಬಂತು. ಅಜ್ಜಿ ಕೂತಲ್ಲಿಂದಲೇ ಮುಂದಕ್ಕೆ ಬಿದ್ದು ಮಗುವಿನ ತಲೆಗೂ ನೆಲಕ್ಕೂ ನಡುವೆ ಕೈ ತೂರಿಸಿದ್ದು, ಪೈಪಿನ ಚೂಪು ತುದಿ ತಮ್ಮನ ಕೆನ್ನೆಯ ಪಕ್ಕದಲ್ಲೇ ಸೀರೆಗೆ ಚುಚ್ಚಿ ನಿಂತದ್ದು, ಇಷ್ಟನ್ನೂ ಈಗಲೂ ನಿಧಾನವಾಗಿ, ಮತ್ತೆ ಮತ್ತೆ ಕಾಣುತ್ತೇನೆ. ಆಮೇಲೆ ಅವನು ಅತ್ತ. ಅವನಿಗೆ ತರಚಿರಲೂ ಇಲ್ಲ. ಅಜ್ಜಿಯ ಮಣಿಕಟ್ಟು ಮುರಿದಿತ್ತು.

ಅಂದಿನಿಂದ ಮನೆಗೇ ನಿದ್ದೆ ಇಲ್ಲದಾಯಿತು. ತಮ್ಮನನ್ನು ಸರದಿಯ ಮೇಲೆ ತೋಳಲ್ಲಿ ತೂಗುತ್ತ ಅಪ್ಪ ಅಮ್ಮ ನಿಂತಲ್ಲೇ ತೂಕಡಿಸಿದರು. ತುರ್ಭೆಯ ಕ್ಯಾಂಟೀನಿನಲ್ಲಿ ಕೆಲಸಕ್ಕಿದ್ದ ಅಪ್ಪ ಲೋಕಲ್ ರೈಲಿನಲ್ಲಿ ನಿದ್ದೆ ಹೋಗಿ ಎಲ್ಲೆಲ್ಲೋ ಇಳಿಯತೊಡಗಿದರು. ಕೊನೆಗೆ ಕೈಗೆ ಪ್ಲಾಸ್ಟರು ಹಾಕಿಸಿಕೊಂಡಿದ್ದ ಅಜ್ಜಿಯೇ ಹೇಳಿದರು: "ಬಿದಿರೇ ತಾ. ಎಂತದರ ಹಾಗೆ ಬೇಕಾದ್ರೂ ಕಾಣ್ಲಿ."

ಕಲ್ಯಾಣದ ಬಿದಿರಂಗಡಿಗೆ ನಾನೂ ಹೋಗಿದ್ದೆ. ಚಟ್ಟಕ್ಕೂ ಜನ ಅಲ್ಲಿಂದಲೇ ಒಯ್ಯುತ್ತಿದ್ದರು. "ಕಿಸ್‌ಕೆ ಲಿಯೆ?" ಯಾರಿಗೆ ಎಂದು ಕೇಳಿದ ಅಂಗಡಿಯವನು. "ಬಚ್ಚೇ ಕೆ ಲಿಯೆ," ಮಗುವಿಗೆ ಎಂದರು ಅಪ್ಪ. ಅವನ ಕೈ ನಿಂತಿತು, ತಲೆ ತಗ್ಗಿಸಿದ. ಅಪ್ಪ ಗಾಬರಿಯಾಗಿ "ಝೂಲಾ, ಝೂಲಾ!" ಎಂದು ಬರಿಗೈಯನ್ನೇ ತೂಗಿ ತೋರಿಸಿದರು. "ಅರೇ, ಪೆಹಲೇ ಬೋಲ್ನಾ ಥಾ ನಾ ಸಾಬ್, ಜಾನ್ ನಿಕಾಲ್ ದೀ!" ಮೊದಲೇ ಹೇಳಬಾರದಿತ್ತೇ, ಜೀವವೇ ಹೋಯಿತಲ್ಲ ಎಂದು ಅವನು ಬೈದ. ಅಪ್ಪ ಒಂದೊಂದನ್ನೂ ತಟ್ಟಿ, ಮೈಭಾರ ಹಾಕಿ ಒತ್ತಿ ನೋಡಿ, ಒಣಗಿದ ಗಟ್ಟಿ ಬಿದಿರನ್ನೇ ಆರಿಸಿದರು.

ಅಜ್ಜಿ ಎಡಗೈಯಲ್ಲಿ ಬಿದಿರಿಗೆ ಅರಸಿನ ಹಚ್ಚಿದರು. ಮಗುವನ್ನು ಮಲಗಿಸಗೊಡದೆ ಮೊದಲು ತಾವೇ ಜೋಲಿಯಲ್ಲಿ ಕೂತರು.

"ನನ್ನನ್ನು ತೂಗಿ ನೋಡುವ. ಹೊರುದು ಇನ್ನೊಮ್ಮೆ ಆಯ್ತು."

"ಸುಮ್ಮನಿರಿ ಅತ್ತೆ," ಎಂದು ಅಮ್ಮ ಕಣ್ಣೊರೆಸಿಕೊಂಡು ತೂಗಿದಳು. ಬಿದಿರು ಕಿರ್ರೆಂದಿತು, ಅಷ್ಟೆ.

ಅಜ್ಜಿಯನ್ನು ಹೊರುವ ದಿನವೂ ಬಂದುಹೋಗಿ ಎಷ್ಟೋ ಕಾಲವಾಯಿತು. ಆ ಬಿಲ್ಡಿಂಗನ್ನು ಕೆಡವಿದರು. ಬಿದಿರಿನ ಸ್ಟ್ಯಾಂಡು ಏನಾಯಿತೋ ಯಾರಿಗೂ ಗೊತ್ತಿಲ್ಲ. ಆದರೆ ಜೋಲಿ ಮತ್ತೆ ಕಟ್ಟಿದ ಮಾರನೆಯ ದಿನ, ಅದು ಭಾನುವಾರ, ಹಾಲಿನವನು ಬಾಗಿಲು ಬಡಿದು ಸಾಕಾಗಿ ಚೀಲವನ್ನು ಚಿಲಕಕ್ಕೆ ಸಿಕ್ಕಿಸಿ ಹೋಗಿದ್ದ. ನಮಗೆ ಯಾರಿಗೂ ಕೇಳಿಸಿರಲಿಲ್ಲ. ನಾನು ಎದ್ದಾಗ ಬಿಸಿಲು ಚಾಪೆಯವರೆಗೆ ಬಂದಿತ್ತು. ತಮ್ಮ ಜೋಲಿಯಲ್ಲಿ ಮಲಗಿದ್ದ. ಕೆಳಗೆ ಅಜ್ಜಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು, ಜೋಲಿಯ ಹಗ್ಗ ಇನ್ನೂ ಅವರ ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡೇ ಇತ್ತು.