ನಾಟದ ಇಂಜೆಕ್ಷನ್

ಹಳೇಬೀಡಿನಲ್ಲಿ ನನ್ನದು ಕುರಿ, ಮೇಕೆ, ದನಗಳ ಔಷಧದ ಅಂಗಡಿ ಎಂಬುದು ನಿಮಗೆಲ್ಲ ಗೊತ್ತೇ ಇದೆ. ಇವತ್ತು ಬೆಳಿಗ್ಗೆ ಹುಲಿಕೆರೆ ಕಡೆಯ ಸಿದ್ದಮ್ಮ ಬಂದು ಕೈಗೆ ಒಂದು ಕಾಗದ ಕೊಟ್ಟರು. ಕೆಮ್ಮು, ಏದುಸಿರು ಹತ್ತಿ ಅವರ ಒಂಬತ್ತು ಕುರಿಗಳು ಸತ್ತಿದ್ದವು. ಪಶುವೈದ್ಯರು ಸತ್ತ ಕುರಿಯ ಶ್ವಾಸಕೋಶದ ಚೂರನ್ನು ಲ್ಯಾಬಿಗೆ ಕಳಿಸಿದ್ದರು. ಇದು ಅದರ ವರದಿ.

“ನಂಗೆ ಓದಕ್ ಬರಾಕಿಲ್ಲ ಕಣಣ್ಣ, ಏನ್ ಬರ್ದವ್ರೆ ನೋಡು.”

ಮೂರು ವರ್ಷದಿಂದ ನಾನು ಅವರಿಗೆ ಕೊಡುತ್ತಿದ್ದ ಇಂಜೆಕ್ಷನ್ ಈ ರೋಗಕ್ಕೆ ಇನ್ನು ನಾಟುವುದಿಲ್ಲ ಎಂದು ಬರೆದಿತ್ತು. ಅದನ್ನೇ ಹೇಳಿದೆ. ಅಷ್ಟು ಹೇಳಿ ಸುಮ್ಮನಿರಬಹುದಿತ್ತು.

“ಕೆಮ್ಮು ನಿಂತ ಕೂಡ್ಲೇ ಸೂಜಿ ನಿಲ್ಲಿಸ್ತಿದ್ರಲ್ಲಮ್ಮ, ಪೂರ್ತಿ ಹಾಕ್ಬೇಕಿತ್ತು. ಅದಕ್ಕೇ ರೋಗ ಔಷಧಿಗೆ ಪಳಗಿಬಿಟ್ಟಿದೆ” ಎಂದೆ.

ಸಿದ್ದಮ್ಮ ದನಿ ಎತ್ತರಿಸಲಿಲ್ಲ. “ಕೆಮ್ಮು ನಿಂತ್ರೆ ಸಾಕು, ಮಿಕ್ಕಿದ್ದು ಇನ್ನೊಂದ್ ಸಲಕ್ಕೆ ಆಯ್ತದೆ, ಮಡಿಕ್ಕೊ ಅಂದೋನು ನೀನೇ ಅಲ್ವಾ?”

ಹೌದು, ನಾನೇ. ವರದಿಯಲ್ಲಿ ನಾಟುವ ಔಷಧ ಒಂದೇ ಒಂದಿತ್ತು, ಅದು ನನ್ನ ಅಂಗಡಿಯಲ್ಲಿಲ್ಲ. ಉಳಿದ ನಾಲ್ಕು ಕುರಿಗಳಿಗೂ ಕೆಮ್ಮು ಹತ್ತಿತ್ತು; ಆ ಔಷಧ ತರಲು ಸಿದ್ದಮ್ಮ ಹಾಸನದ ಬಸ್ಸು ಹತ್ತಿದರು. ಅವು ಸಂಜೆಯವರೆಗೆ ತಡೆಯುತ್ತವೆಯೋ ಇಲ್ಲವೋ.

ಅವರು ಹೋದ ಮೇಲೆ ಮೇಕೆ ಸಾಕುವ ಒಬ್ಬರು ಬಂದು ಅದೇ ಇಂಜೆಕ್ಷನ್ ಕೇಳಿದರು. ಡಾಕ್ಟರ ಚೀಟಿ ತನ್ನಿ ಎಂದೆ.

“ಇಷ್ಟ್ ದಿನ ಇಲ್ದಿದ್ ಚೀಟಿ ಇವತ್ಯಾಕ್ ಬಂತು?” ಎಂದು ಗೊಣಗುತ್ತಾ ಪಕ್ಕದ ಅಂಗಡಿಗೆ ಹೋದರು. ಅಲ್ಲಿ ಯಾರೂ ಚೀಟಿ ಕೇಳುವುದಿಲ್ಲ. ನಿನ್ನೆಯವರೆಗೆ ಇಲ್ಲೂ ಕೇಳುತ್ತಿರಲಿಲ್ಲ.